ಕಿಡ್ನಿಯನ್ನು ಮುಟ್ಟದೆ ಅಳೆದವರು

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ವಯಸ್ಸು 66. ಬಿಪಿ ಮಾತ್ರೆ ನಡೆಯುತ್ತಿದೆ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಕ್ರಿಯಾಟಿನಿನ್ 1.4 ಇದೆ. ಅದರ ಕೆಳಗೆ ‘ಇಜಿಎಫ್‌ಆರ್ 55’ ಎಂದು ಬರೆದಿದ್ದಾರೆ. ತೋಳಿಗೆ ಸೂಜಿ ಚುಚ್ಚಿ ಒಂದು ಟ್ಯೂಬ್ ರಕ್ತ ತೆಗೆದರು, ಅಷ್ಟೇ. ಒಳಗೆ ಇಣುಕಿ ನೋಡದೆ ನನ್ನ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂದು ಹೇಗೆ ಗೊತ್ತಾಯಿತು? ಇದನ್ನು ಮೊದಲು ಅಳೆದವರು ಯಾರು? ಅವರ ಬಗ್ಗೆ ವಿವರವಾಗಿ ಬರೆಯಿರಿ. ಇನ್ನೊಂದು ಮಾತು, 55 ಅಂದರೆ ನನ್ನ ಅರ್ಧ ಕಿಡ್ನಿ ಹೋಯಿತು ಅಂತಲಾ?

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ನೀವು ನೆಮ್ಮದಿಯಾಗಿ ಓದುವುದಿಲ್ಲ. ಅರ್ಧ ಕಿಡ್ನಿ ಹೋಗಿಲ್ಲ. ಆ 55 ಪರೀಕ್ಷೆಯ ಅಂಕದ ಹಾಗೆ ನೂರಕ್ಕೆ 55 ಅಲ್ಲ. ಇಜಿಎಫ್‌ಆರ್ ಅಂದರೆ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಎಷ್ಟು ಸೋಸುತ್ತವೆ ಎಂಬ ಅಂದಾಜು, ನಿಮ್ಮದು ನಿಮಿಷಕ್ಕೆ 55 ಎಂಎಲ್ ಎಂದು ಅರ್ಥ. ಇಪ್ಪತ್ತೈದರ ಹುಡುಗನಲ್ಲಿ ಅದು 120ರ ಆಸುಪಾಸು ಇರುತ್ತದೆ. ನಲವತ್ತು ದಾಟಿದ ಮೇಲೆ ವರ್ಷಕ್ಕೆ ಹೆಚ್ಚುಕಡಿಮೆ 1 ಎಂಎಲ್‌ನಷ್ಟು ಇಳಿಯುತ್ತಾ ಬರುತ್ತದೆ. ನಿಮ್ಮ ವಯಸ್ಸಿಗೆ 55 ಸ್ವಲ್ಪ ಕಡಿಮೆಯೇ, ಗಮನ ಕೊಡಬೇಕು. ಆದರೆ ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ಅಂಕಿ ಅಲ್ಲ. ಏನು ಮಾಡಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಇದನ್ನು ಕೇಳಿದ್ದಕ್ಕೆ ನನಗೆ ತುಂಬಾ ಖುಷಿಯಾಗಿದೆ. ಮೂವತ್ತು ವರ್ಷದಿಂದ ಕಿಡ್ನಿ ರೋಗಿಗಳನ್ನು ನೋಡುತ್ತಿದ್ದೇನೆ. ಕ್ರಿಯಾಟಿನಿನ್ (ಮಾಂಸಖಂಡದಿಂದ ಹುಟ್ಟಿ ಕಿಡ್ನಿ ಹೊರಹಾಕುವ ಕಸ) ಎಷ್ಟು, ಡಯಾಲಿಸಿಸ್ ಬೇಕಾ, ಟೊಮೆಟೊ ತಿನ್ನಬಹುದಾ ಎಂದು ಕೇಳದವರಿಲ್ಲ. ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಿದವರು ತೀರಾ ಕಡಿಮೆ.

ಯಾವುದೋ ಒಬ್ಬರಿಂದಲೇ ಆದ ಕೆಲಸ ಇದಲ್ಲ. ಆದರೂ ಒಂದೇ ಹೆಸರು ಹೇಳು ಎಂದರೆ ನಾನು ಹೋಮರ್ ಸ್ಮಿತ್ ಎನ್ನುತ್ತೇನೆ. ಅಮೆರಿಕದವರು. ಹುಟ್ಟಿದ್ದು 1895ರ ಜನವರಿ 2, ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ. ಬೆಳೆದದ್ದು ಕ್ರಿಪಲ್ ಕ್ರೀಕ್ ಎಂಬ ಚಿನ್ನದ ಗಣಿ ಊರಿನಲ್ಲಿ. ನಮ್ಮ ಕೋಲಾರದ ಕೆಜಿಎಫ್ ಇದ್ದ ಹಾಗೆ ಅಂದುಕೊಳ್ಳಿ. ಡೆನ್ವರ್ ವಿಶ್ವವಿದ್ಯಾಲಯದಲ್ಲಿ 1917ರಲ್ಲಿ ಡಿಗ್ರಿ ಮುಗಿಸಿದರು. ಆಗ ಮೊದಲ ಮಹಾಯುದ್ಧ. ಸೈನ್ಯಕ್ಕೆ ಸೇರಿದವರನ್ನು ವಿಷಾನಿಲದ ಸಂಶೋಧನೆಗೆ ಹಾಕಿದರು. ಅಲ್ಲಿ ಎಲಿ ಮಾರ್ಷಲ್ ಎಂಬ ವಿಜ್ಞಾನಿಯ ಕೈಕೆಳಗೆ ಕೆಲಸ. ಈ ಮಾರ್ಷಲ್ ಹೆಸರು ನೆನಪಿಡಿ, ಮುಂದೆ ಮೀನಿನ ವಿಷಯಕ್ಕೆ ಮತ್ತೆ ಬರುತ್ತಾರೆ.

ಯುದ್ಧ ಮುಗಿದ ಮೇಲೆ ಸ್ಮಿತ್ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1921ರಲ್ಲಿ ಡಾಕ್ಟರೇಟ್ ಪಡೆದರು. ಅದು ವಿಜ್ಞಾನದ ಡಾಕ್ಟರೇಟ್. ಅವರು ವೈದ್ಯರಲ್ಲ, ಎಂಬಿಬಿಎಸ್ ಥರದ ಓದು ಓದಿದವರಲ್ಲ. ಕಿಡ್ನಿ ವೈದ್ಯರೆಲ್ಲ ಗುರು ಎನ್ನುವ ಮನುಷ್ಯ ಒಬ್ಬ ರೋಗಿಗೂ ಚೀಟಿ ಬರೆದವರಲ್ಲ. ಎರಡು ವರ್ಷ ಔಷಧ ಕಂಪನಿಯಲ್ಲಿ, ಎರಡು ವರ್ಷ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿಯ ಜೊತೆಗೆ, ಮೂರು ವರ್ಷ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ. 1928ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸುವ ವಿಭಾಗದ ಮುಖ್ಯಸ್ಥರಾಗಿ ಬಂದವರು 1961ರವರೆಗೆ ಅಲ್ಲಿಂದ ಕದಲಲಿಲ್ಲ.

ಅವರು ಬಂದಾಗ ಕಿಡ್ನಿಯ ಬಗ್ಗೆ ಒಂದು ಹಳೆಯ ಜಗಳ ನಡೆಯುತ್ತಲೇ ಇತ್ತು. ಮೂತ್ರ ಹೇಗೆ ತಯಾರಾಗುತ್ತದೆ ಎಂಬ ಜಗಳ. ಪ್ರತಿ ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಅಂದರೆ ಮೇಲೊಂದು ರಕ್ತನಾಳದ ಪುಟ್ಟ ಉಂಡೆ, ಅದಕ್ಕೆ ಗ್ಲೊಮೆರುಲಸ್ ಎನ್ನುತ್ತೇವೆ. ಅದಕ್ಕೆ ಅಂಟಿಕೊಂಡು ಸುತ್ತಿ ಬಳಸಿ ಹೋಗುವ ಒಂದು ಕೊಳವೆ. ಜರ್ಮನಿಯ ಕಾರ್ಲ್ ಲುಡ್ವಿಗ್ 1840ರ ದಶಕದಲ್ಲೇ ಹೇಳಿದ್ದರು: ರಕ್ತದ ಒತ್ತಡಕ್ಕೆ ಗ್ಲೊಮೆರುಲಸ್‌ನಲ್ಲಿ ನೀರು ಸೋಸಿ ಬರುತ್ತದೆ, ಕೊಳವೆಯಲ್ಲಿ ಹೋಗುವಾಗ ಬೇಕಾದದ್ದನ್ನು ದೇಹ ವಾಪಸ್ ಹೀರಿಕೊಳ್ಳುತ್ತದೆ ಎಂದು. ಹೈಡನ್‌ಹೈನ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ 1874ರಲ್ಲಿ ಇದನ್ನು ಒಪ್ಪಲಿಲ್ಲ. ಅವರು ರಕ್ತಕ್ಕೆ ನೀಲಿ ಬಣ್ಣ ಬಿಟ್ಟು ನೋಡಿದಾಗ ಕೊಳವೆಯ ಗೋಡೆಯೇ ಬಣ್ಣ ಹೊರಹಾಕುವ ಹಾಗೆ ಕಂಡಿತ್ತು. ಲುಡ್ವಿಗ್ ಲೆಕ್ಕ ಸರಿ ಅಂದರೆ ದಿನಕ್ಕೆ ಅದೆಷ್ಟೋ ಲೀಟರ್ ನೀರು ಸೋಸಬೇಕು. ಅಷ್ಟನ್ನೂ ಸೋಸಿ, ಮತ್ತೆ ಅಷ್ಟನ್ನೂ ವಾಪಸ್ ಹೀರಿಕೊಳ್ಳುವುದೇ? ಇದ್ಯಾವ ಲೆಕ್ಕ? ಅದನ್ನು ನಂಬುವುದು ಹೈಡನ್‌ಹೈನ್‌ಗೆ ಕಷ್ಟವಾಯಿತು. ನಿಜ ಹೇಳಬೇಕೆಂದರೆ, ಮೊದಲ ವರ್ಷದ ಮೆಡಿಕಲ್ ವಿದ್ಯಾರ್ಥಿಗಳಿಗೆ ಇವತ್ತಿಗೂ ಇದನ್ನು ನಂಬುವುದು ಕಷ್ಟ.

ಸೋಸುವುದು ನಿಜ ಎಂದು ಕಣ್ಣಾರೆ ತೋರಿಸಿದವರು ಫಿಲಡೆಲ್ಫಿಯಾದ ಆಲ್ಫ್ರೆಡ್ ನ್ಯೂಟನ್ ರಿಚರ್ಡ್ಸ್ ಮತ್ತು ಜೋಸೆಫ್ ವೆರ್ನ್. ಕಪ್ಪೆಯ ಕಿಡ್ನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಕೂದಲಿಗಿಂತ ಸಣ್ಣ ಗಾಜಿನ ಕೊಳವೆಯನ್ನು ಗ್ಲೊಮೆರುಲಸ್‌ನ ಸುತ್ತಲಿನ ಚೀಲಕ್ಕೆ ಚುಚ್ಚಿದರು. ಅಲ್ಲಿಂದ ಹನಿಯ ಒಂದು ಚೂರು ಎಳೆದುಕೊಂಡು ಪರೀಕ್ಷೆ ಮಾಡಿದರು. ಪ್ರೋಟೀನ್ ಇಲ್ಲ. ಆದರೆ ಸಕ್ಕರೆ ಇದೆ, ಉಪ್ಪಿನ ಅಂಶ ಇದೆ. ಅದೇ ಕಪ್ಪೆಯ ಮೂತ್ರಕೋಶದಲ್ಲಿ ನೋಡಿದರೆ ಸಕ್ಕರೆ ಇಲ್ಲ! ಅಂದರೆ ಮೇಲೆ ಸೋಸಿ ಬಂದ ಸಕ್ಕರೆಯನ್ನು ದಾರಿಯಲ್ಲಿ ಯಾರೋ ವಾಪಸ್ ತೆಗೆದುಕೊಂಡಿದ್ದಾರೆ. ಇದು ಪ್ರಕಟವಾದದ್ದು 1924ರಲ್ಲಿ.

ಆದರೆ ಕಪ್ಪೆಯಲ್ಲಿ ಮಾಡಿದ್ದನ್ನು ಮನುಷ್ಯನಲ್ಲಿ ಮಾಡುವುದು ಹೇಗೆ? ಬದುಕಿರುವ ಮನುಷ್ಯನ ಬೆನ್ನು ಸೀಳಿ ಕಿಡ್ನಿಗೆ ಗಾಜು ಚುಚ್ಚಲು ಆಗುವುದಿಲ್ಲ. ಸೋಸುವುದು ನಿಜ, ಸರಿ. ಎಷ್ಟು ಸೋಸುತ್ತದೆ? ನೀವು ಕೇಳಿರುವ ಪ್ರಶ್ನೆಯೂ ಇದೇ. ಸ್ಮಿತ್ ಇದಕ್ಕೆ ಉತ್ತರ ಕಂಡುಕೊಂಡ ದಾರಿ ವಿಚಿತ್ರವಾದದ್ದು. ಅವರು ಮೀನುಗಳ ಹಿಂದೆ ಹೋದರು.

ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ, ಮೌಂಟ್ ಡೆಸರ್ಟ್ ದ್ವೀಪದ ಕಡಲ ಅಂಚಿನಲ್ಲಿ ಒಂದು ಸಣ್ಣ ಪ್ರಯೋಗಾಲಯವಿದೆ. ಬೇಸಿಗೆ ಬಂದರೆ ಸ್ಮಿತ್ ಅಲ್ಲಿಗೆ ಹೊರಡುತ್ತಿದ್ದರು. ಕಡಲ ಮೀನಿನ ಕಷ್ಟ ಏನು ಗೊತ್ತಾ? ಸುತ್ತ ನೀರೇ ನೀರು, ಆದರೆ ಅದು ತನ್ನ ರಕ್ತಕ್ಕಿಂತ ಮೂರು ಪಟ್ಟು ಉಪ್ಪು. ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿಯಿಂದ ನೀರು ಹೊರಬರುವ ಹಾಗೆ ಮೀನಿನ ಮೈಯಿಂದ ನೀರು ಸೋರುತ್ತಿರುತ್ತದೆ. ಹಾಗಾದರೆ ಮೀನು ಬದುಕುವುದು ಹೇಗೆ? ಸ್ಮಿತ್ ಕಡಲ ನೀರಿಗೆ ಫಿನಾಲ್ ರೆಡ್ ಎಂಬ ಕೆಂಪು ಬಣ್ಣ ಬೆರೆಸಿ ಮೀನನ್ನು ಅದರಲ್ಲಿ ಬಿಟ್ಟರು. ಆಮೇಲೆ ಕೊಯ್ದು ನೋಡಿದರೆ ಕರುಳಿನಲ್ಲಿ ಬಣ್ಣ ಗಾಢವಾಗಿತ್ತು. ಮೀನು ನೀರು ಕುಡಿದಿದೆ. ಕರುಳು ನೀರನ್ನು ಹೀರಿಕೊಂಡಿದೆ, ಬಣ್ಣವನ್ನು ಹೀರಿಕೊಂಡಿಲ್ಲ. ಬಣ್ಣ ಎಷ್ಟು ಗಾಢವಾಗಿದೆಯೋ ಅದರಿಂದ ಎಷ್ಟು ನೀರು ಒಳಗೆ ಹೋಯಿತು ಎಂದು ಲೆಕ್ಕ ಹಾಕಬಹುದು. ಹಾಗೆ ಕುಡಿದ ಉಪ್ಪು ಮೂತ್ರದಲ್ಲಿ ಅಷ್ಟಾಗಿ ಕಾಣಲಿಲ್ಲ. ಅದು ಕಿವಿರುಗಳ ಮೂಲಕವೇ ಹೊರಗೆ ಹೋಗುತ್ತಿರಬೇಕು ಎಂದು ಅವರು ತೀರ್ಮಾನಿಸಿದರು. ಅದು ಸರಿಯಾಗಿತ್ತು. ಇದು 1930ರ ಕೆಲಸ.

ಮೇಷ್ಟ್ರೇ, ಈ ಬಣ್ಣದ ಪ್ರಯೋಗವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ದೇಹ ತನ್ನೊಳಗೆ ತೆಗೆದುಕೊಳ್ಳದ ಒಂದು ವಸ್ತುವನ್ನು ಬಿಟ್ಟು, ಅದರ ಗಾಢತೆಯಿಂದ ನೀರಿನ ಲೆಕ್ಕ ಹಿಡಿಯುವುದು. ಕಿಡ್ನಿಯ ಅಳತೆಯ ಬೀಜ ಇಲ್ಲೇ ಬಿತ್ತು ಎಂದು ನನಗೆ ಅನ್ನಿಸುತ್ತದೆ.

ಅದೇ ಕಾಲಕ್ಕೆ ಅವರು ಆಫ್ರಿಕಾಕ್ಕೂ ಹೋಗಿ ಬಂದರು. ವಿಕ್ಟೋರಿಯಾ ಸರೋವರದಲ್ಲಿ ಶ್ವಾಸಕೋಶ ಇರುವ ಮೀನು ಸಿಗುತ್ತದೆ, ಅಲ್ಲಿಯವರು ಅದನ್ನು ಕಮೋಂಗೋ ಎನ್ನುತ್ತಾರೆ. ನೀರು ಬತ್ತಿದಾಗ ಕೆಸರು ಕೊರೆದು ಒಳಗೆ ಸೇರಿಕೊಂಡು ಸುರುಳಿ ಸುತ್ತಿ ಮಲಗಿಬಿಡುತ್ತದೆ. ತಿಂಗಳುಗಟ್ಟಲೆ ಊಟವಿಲ್ಲ, ನೀರಿಲ್ಲ, ಮೂತ್ರವೂ ಇಲ್ಲ. ತನ್ನ ಮಾಂಸಖಂಡವನ್ನೇ ಕರಗಿಸಿಕೊಂಡು ಬದುಕುತ್ತದೆ. ಅದರಿಂದ ಹುಟ್ಟುವ ಯೂರಿಯಾ ಎಂಬ ಕಸ ಮೈಯಲ್ಲೇ ಗುಡ್ಡೆ ಬೀಳುತ್ತದೆ. ಮನುಷ್ಯನಾಗಿದ್ದರೆ ಸತ್ತೇ ಹೋಗುವಷ್ಟು. ಮಳೆ ಬಂದು ನೀರು ತುಂಬಿದ ಮೇಲೆ ಎಲ್ಲವನ್ನೂ ಹೊರಹಾಕುತ್ತದೆ. ಕೆಲಸ ನಿಲ್ಲಿಸಿದ ಕಿಡ್ನಿ ಮತ್ತೆ ಶುರುವಾಗುತ್ತದೆ! ಸ್ಮಿತ್ ಈ ಮೀನಿಗೆ ಎಷ್ಟು ಮನಸೋತರೆಂದರೆ 1932ರಲ್ಲಿ ಇದರ ಹೆಸರಿನಲ್ಲೇ ಒಂದು ಪುಸ್ತಕ ಬರೆದರು. ಹಡಗಿನಲ್ಲಿ ಒಬ್ಬ ವಿಜ್ಞಾನಿ ಮತ್ತು ಒಬ್ಬ ಪಾದ್ರಿ ಕುಳಿತು ಜೀವದ ಬಗ್ಗೆ ಮಾತಾಡುವ ಪುಸ್ತಕ ಅದು.

ಈಗ ಮಾರ್ಷಲ್ ಕಡೆ ಬರೋಣ. ಕಡಲಿನಲ್ಲಿ ಕೆಲವು ಮೀನುಗಳಿಗೆ ಕಿಡ್ನಿ ಇದೆ, ಗ್ಲೊಮೆರುಲಸ್ ಇಲ್ಲ. ದೊಡ್ಡ ಬಾಯಿಯ ಗೂಸ್‌ಫಿಶ್ ಅಂಥದ್ದೊಂದು. ಸೋಸುವ ಉಂಡೆಯೇ ಇಲ್ಲದಿದ್ದರೂ ಅದು ಮೂತ್ರ ಮಾಡುತ್ತದೆ. ಹಾಗಾದರೆ ಕೊಳವೆಯ ಗೋಡೆಯೂ ವಸ್ತುಗಳನ್ನು ರಕ್ತದಿಂದ ಮೂತ್ರದೊಳಕ್ಕೆ ತಳ್ಳಬಲ್ಲದು. ಹೈಡನ್‌ಹೈನ್ ಹೇಳಿದ್ದರಲ್ಲೂ ನಿಜಾಂಶ ಇತ್ತು ಅಂತಾಯಿತು. ಮಾರ್ಷಲ್ ಇದನ್ನು ಎತ್ತಿ ತೋರಿಸಿದರು. ಜಗಳದಲ್ಲಿ ಇಬ್ಬರೂ ಅರ್ಧ ಅರ್ಧ ಸರಿ.

ಇಬ್ಬರೂ ಸರಿ ಎಂದಾಗ ಅಳತೆ ಇನ್ನೂ ಕಷ್ಟವಾಯಿತು. ಯಾಕೆ ಅಂತ ನೋಡಿ. ಮೂತ್ರದಲ್ಲಿ ಒಂದು ವಸ್ತು ಸಿಕ್ಕಿತು ಅಂದುಕೊಳ್ಳಿ. ಅದು ಸೋಸಿ ಬಂದದ್ದೋ, ಕೊಳವೆ ತಳ್ಳಿದ್ದೋ, ಸೋಸಿದ್ದರಲ್ಲಿ ಎಷ್ಟು ವಾಪಸ್ ಹೋಯಿತೋ ಯಾರು ಹೇಳುತ್ತಾರೆ? ಸೋಸುವಿಕೆಯನ್ನು ಮಾತ್ರ ಅಳೆಯಬೇಕಾದರೆ ಒಂದು ವಿಶೇಷ ವಸ್ತು ಬೇಕು. ಗ್ಲೊಮೆರುಲಸ್‌ನಲ್ಲಿ ನೀರಿನ ಜೊತೆ ಸಲೀಸಾಗಿ ಸೋಸಿ ಬರಬೇಕು. ಕೊಳವೆ ಅದನ್ನು ವಾಪಸ್ ಹೀರಬಾರದು, ಹೊಸದಾಗಿ ತಳ್ಳಲೂ ಬಾರದು. ದೇಹ ಅದನ್ನು ತಯಾರಿಸಬಾರದು, ಕರಗಿಸಬಾರದು. ವಿಷವಾಗಿರಬಾರದು. ಇಷ್ಟೆಲ್ಲ ಕೆಲಸ ಮಾಡುವ ಕಿಡ್ನಿ ಯಾವುದರ ತಂಟೆಗೆ ಹೋಗದೆ ಸುಮ್ನೆ ಬಿಟ್ಟುಬಿಡುತ್ತದೋ ಆ ವಸ್ತು ಬೇಕು. ಕಿಡ್ನಿಯನ್ನು ಅಳೆಯಲು ಕಿಡ್ನಿಗೆ ಆಸಕ್ತಿಯೇ ಇಲ್ಲದ ವಸ್ತುವನ್ನು ಹುಡುಕಿದ್ದೇ ಸ್ಮಿತ್ ಅವರ ದೊಡ್ಡತನ ಎಂದು ನಾನು ತಿಳಿದಿದ್ದೇನೆ.

ಮೊದಲ ಆಯ್ಕೆ ಪೂರ್ತಿ ಸರಿಹೋಗಲಿಲ್ಲ. 1932ರಲ್ಲಿ ಅವರ ತಂಡ ದೇಹ ಬಳಸದ ಸಕ್ಕರೆಗಳನ್ನು, ಅದರಲ್ಲೂ ಝೈಲೋಸ್ ಎಂಬುದನ್ನು ನಾಯಿಗಳಲ್ಲಿ ಬಳಸಿ ನೋಡಿತು. ಆಮೇಲೆ ನೋಡಿದರೆ ಕೊಳವೆ ಅದನ್ನೂ ಸ್ವಲ್ಪ ಸ್ವಲ್ಪ ವಾಪಸ್ ಹೀರುತ್ತಿತ್ತು. ಇನ್ನೂ ದೊಡ್ಡ ಕಣದ ಸಕ್ಕರೆ ಬೇಕಿತ್ತು. ಸಿಕ್ಕಿದ್ದು ಇನ್ಯುಲಿನ್. ಇನ್ಸುಲಿನ್ ಅಲ್ಲ, ಇನ್ಯುಲಿನ್. ಸಕ್ಕರೆ ಕಾಯಿಲೆಯ ಇಂಜೆಕ್ಷನ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಗಿಡದ ಗೆಡ್ಡೆಯಲ್ಲಿರುವ ಒಂದು ಪಿಷ್ಟದಂಥ ವಸ್ತು. ನಿಮ್ಮ ಮನೆ ಅಂಗಳದಲ್ಲೂ ಇರಬಹುದು. ಮಳೆಗಾಲ ಬಂತೆಂದರೆ ಮಲೆನಾಡಿನ ಮನೆಗಳ ಮುಂದೆ ಡೇರೆ ಹೂ ಅರಳಿ ನಿಲ್ಲುತ್ತದೆ ಅಲ್ವಾ? ಡೇಲಿಯಾ ಅಂತೀವಲ್ಲ, ಅದೇ. ಮುಂದಿನ ವರ್ಷಕ್ಕೆಂದು ಹೆಂಗಸರು ಜೋಪಾನವಾಗಿ ಎತ್ತಿಡುವ ಅದರ ಗೆಡ್ಡೆಯಲ್ಲಿ ಇನ್ಯುಲಿನ್ ತುಂಬಿದೆ. ಕಾಫಿಪುಡಿಗೆ ಬೆರೆಸುವ ಚಿಕೋರಿಯ ಬೇರಿನಲ್ಲೂ ಇದೆ.

ಇನ್ಯುಲಿನ್ ಸರಿಯಾದ ವಸ್ತು ಎಂದು ಹೇಗೆ ಖಾತ್ರಿ ಮಾಡಿಕೊಳ್ಳುವುದು? ಇಲ್ಲಿ ಮತ್ತೆ ಮೀನು ಕೈಹಿಡಿಯಿತು. ಗ್ಲೊಮೆರುಲಸ್ ಇಲ್ಲದ ಮೀನಿನ ರಕ್ತಕ್ಕೆ ಇನ್ಯುಲಿನ್ ಕೊಟ್ಟರೆ ಮೂತ್ರಕ್ಕೆ ಬರುವುದೇ ಇಲ್ಲ. ಅಂದರೆ ಕೊಳವೆ ಅದನ್ನು ತಳ್ಳುವುದಿಲ್ಲ. ಅದಕ್ಕೆ ಗ್ಲೊಮೆರುಲಸ್ ಒಂದೇ ಬಾಗಿಲು. ಸ್ಮಿತ್ ಮತ್ತು ಅವರ ಶಿಷ್ಯ ಜೇಮ್ಸ್ ಶಾನನ್ 1935ರಲ್ಲಿ ಮನುಷ್ಯರಲ್ಲಿ ಇನ್ಯುಲಿನ್ ಅಳತೆ ಮಾಡಿ ಪ್ರಕಟಿಸಿದರು. ಅದೇ ಹೊತ್ತಿಗೆ ಫಿಲಡೆಲ್ಫಿಯಾದ ರಿಚರ್ಡ್ಸ್ ತಂಡವೂ ತನ್ನದೇ ದಾರಿಯಲ್ಲಿ ಇನ್ಯುಲಿನ್‌ಗೆ ಬಂದು ತಲುಪಿತ್ತು. ಆ ಶ್ರೇಯಸ್ಸು ಅವರಿಗೂ ಸಲ್ಲಬೇಕು.

ಪ್ರಯೋಗ ಹೇಗಿರುತ್ತಿತ್ತು ಎಂದು ಹತ್ತಿರದಿಂದ ತೋರಿಸುತ್ತೇನೆ. ಒಬ್ಬ ಆರೋಗ್ಯವಂತ ಮಂಚದ ಮೇಲೆ ಮಲಗಿದ್ದಾನೆ. ಮೂತ್ರ ಚೆನ್ನಾಗಿ ಬರಲಿ ಎಂದು ಮೊದಲೇ ನೀರು ಕುಡಿಸಿದ್ದಾರೆ. ಒಂದು ತೋಳಿನ ನಾಳಕ್ಕೆ ಇನ್ಯುಲಿನ್ ದ್ರಾವಣ ಡ್ರಿಪ್‌ನಲ್ಲಿ ಹನಿಹನಿಯಾಗಿ ಹೋಗುತ್ತಿದೆ. ರಕ್ತದಲ್ಲಿ ಅದರ ಮಟ್ಟ ಏರದೆ ಇಳಿಯದೆ ಒಂದೇ ಸಮ ನಿಲ್ಲುವವರೆಗೆ ಕಾಯಬೇಕು. ಮೂತ್ರಕೋಶಕ್ಕೆ ರಬ್ಬರ್ ಕೊಳವೆ ಹಾಕಿ ಪೂರ್ತಿ ಖಾಲಿ ಮಾಡಿ, ತೊಳೆದು, ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಾರೆ. ಅಲ್ಲಿಂದ ಒಂದೊಂದು ಹನಿ ಮೂತ್ರವೂ ಲೆಕ್ಕಕ್ಕೆ. ಅವಧಿಯ ನಡುವೆ ಇನ್ನೊಂದು ತೋಳಿನಿಂದ ರಕ್ತ ತೆಗೆಯುತ್ತಾರೆ. ಸಮಯ ಮುಗಿದಾಗ ಮೂತ್ರಕೋಶವನ್ನು ಮತ್ತೆ ತೊಳೆದು ಉಳಿದದ್ದನ್ನೂ ಹಿಡಿಯುತ್ತಾರೆ. ಒಂದು ಚಮಚ ಮೂತ್ರ ಒಳಗೆ ಉಳಿದರೂ ಲೆಕ್ಕ ತಪ್ಪುತ್ತದೆ. ಒಮ್ಮೆ ಮಾಡಿದರೆ ಸಾಲದು, ಮೂರು ನಾಲ್ಕು ಅವಧಿ ಮಾಡಬೇಕು.

ಇನ್ನು ಲೆಕ್ಕ. ಇದನ್ನು ನಿಮ್ಮ ಹೈಸ್ಕೂಲ್ ಮಕ್ಕಳೂ ಮಾಡುತ್ತಿದ್ದರು. ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವದಲ್ಲಿ, ಪ್ರತಿ ಎಂಎಲ್‌ಗೆ 0.2 ಮಿಲಿಗ್ರಾಂ ಇನ್ಯುಲಿನ್ ಇದೆ ಎಂದು ಇಟ್ಟುಕೊಳ್ಳೋಣ. ಮೂತ್ರದಲ್ಲಿ ನಿಮಿಷಕ್ಕೆ 25 ಮಿಲಿಗ್ರಾಂ ಹೊರಬರುತ್ತಿದೆ. ಆ 25 ಮಿಲಿಗ್ರಾಂ ಎಷ್ಟು ಎಂಎಲ್ ಪ್ಲಾಸ್ಮಾದಿಂದ ಬಂದಿರಬೇಕು? 25ನ್ನು 0.2ರಿಂದ ಭಾಗಿಸಿ. 125 ಎಂಎಲ್. ವಾಪಸ್ ಹೀರುವುದೂ ಇಲ್ಲ, ಹೊಸದಾಗಿ ಸೇರುವುದೂ ಇಲ್ಲ ಎಂದ ಮೇಲೆ ನಿಮಿಷಕ್ಕೆ 125 ಎಂಎಲ್ ಸೋಸಿ ಬಂದಿದೆ ಎಂದೇ ಅರ್ಥ. ಕಿಡ್ನಿಯನ್ನು ಯಾರೂ ಮುಟ್ಟಲಿಲ್ಲ. ನೋಡಲೂ ಇಲ್ಲ. ಈ ಲೆಕ್ಕಕ್ಕೆ ‘ಕ್ಲಿಯರೆನ್ಸ್’ ಎಂದು ಹೆಸರು. ಆ ಪದ ಸ್ಮಿತ್ ಅವರದ್ದಲ್ಲ. ಅಮೆರಿಕದ ವಿಜ್ಞಾನಿ ವಾನ್ ಸ್ಲೈಕ್ ಮತ್ತು ಜೊತೆಗಾರರು ಯೂರಿಯಾದ ಬಗ್ಗೆ 1928ರಲ್ಲೇ ಬಳಸಿದ್ದರು. ಅದಕ್ಕೂ ಎರಡು ವರ್ಷ ಮೊದಲು ಕೋಪನ್‌ಹೇಗನ್‌ನ ರೆಬರ್ಗ್ ಎಂಬ ವಿಜ್ಞಾನಿ ತಾವೇ ಕ್ರಿಯಾಟಿನಿನ್ ನುಂಗಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡಿದ್ದರು. ಆದರೆ ಆ ಲೆಕ್ಕವನ್ನು ಇಡೀ ಕಿಡ್ನಿಯ ಒಳಗಿನ ಕೆಲಸ ತಿಳಿಯುವ ಸಾಧನವನ್ನಾಗಿ ಮಾಡಿದವರು ಸ್ಮಿತ್.

ನಿಮಿಷಕ್ಕೆ 125 ಎಂಎಲ್ ಅಂದರೆ ದಿನಕ್ಕೆ 180 ಲೀಟರ್. ಅಂಗಡಿಯಿಂದ ತರಿಸುವ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅಂಥ 9 ಕ್ಯಾನ್! ಮೈಯಲ್ಲಿರುವ ಪ್ಲಾಸ್ಮಾ ಬರೀ 3 ಲೀಟರ್. ಅದನ್ನು ದಿನಕ್ಕೆ 60 ಸಲ ಸೋಸಿದ ಹಾಗಾಯಿತು. ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ ವಾಪಸ್. ಹೈಡನ್‌ಹೈನ್‌ಗೆ ನಂಬಲಾಗದ ಆ ಲೆಕ್ಕವೇ ನಿಜವಾಗಿತ್ತು.

ಒಮ್ಮೆ ಇನ್ಯುಲಿನ್ ಎಂಬ ಅಳತೆಗೋಲು ಕೈಗೆ ಬಂದ ಮೇಲೆ ಉಳಿದ ಬಾಗಿಲುಗಳು ಒಂದೊಂದಾಗಿ ತೆರೆದವು. ಯಾವುದೇ ವಸ್ತುವಿನ ಕ್ಲಿಯರೆನ್ಸ್ ಇನ್ಯುಲಿನ್‌ಗಿಂತ ಕಡಿಮೆ ಇದ್ದರೆ ಕೊಳವೆ ಅದನ್ನು ವಾಪಸ್ ಹೀರುತ್ತಿದೆ ಎಂದರ್ಥ. ಜಾಸ್ತಿ ಇದ್ದರೆ ಕೊಳವೆ ಅದನ್ನು ತಳ್ಳುತ್ತಿದೆ. ಸಕ್ಕರೆಯನ್ನೇ ನೋಡಿ. ಸೋಸಿ ಬಂದ ಗ್ಲೂಕೋಸನ್ನು ಕೊಳವೆ ಒಂದು ಚೂರೂ ಬಿಡದೆ ವಾಪಸ್ ಎತ್ತಿಕೊಳ್ಳುತ್ತದೆ. ಆದರೆ ಎತ್ತುವ ಶಕ್ತಿಗೂ ಮಿತಿ ಇದೆ. ಬಸ್ಸಿನಲ್ಲಿ ಇರುವಷ್ಟೇ ಸೀಟು. ಜನ ಜಾಸ್ತಿಯಾದರೆ ಉಳಿದವರು ಸ್ಟ್ಯಾಂಡಿನಲ್ಲೇ ನಿಲ್ಲಬೇಕು. ರಕ್ತದಲ್ಲಿ ಸಕ್ಕರೆ 180ರ ಆಸುಪಾಸು ದಾಟಿದರೆ ಮೂತ್ರಕ್ಕೆ ಸೋರಲು ಶುರುವಾಗುತ್ತದೆ. ಸಕ್ಕರೆ ಕಾಯಿಲೆಯವರ ಮೂತ್ರಕ್ಕೆ ಇರುವೆ ಮುತ್ತುವುದು ಇದಕ್ಕೇ. ಆ ಮಿತಿಯನ್ನು ಅಳೆಯುವ ವಿಧಾನ ಸ್ಮಿತ್ ಮತ್ತು ಶಾನನ್ ಅವರ ಪ್ರಯೋಗಾಲಯದಲ್ಲೇ ರೂಪುಗೊಂಡಿತು.

ಕಿಡ್ನಿಗೆ ಹರಿಯುವ ರಕ್ತವನ್ನೂ ಅವರು ಇದೇ ಉಪಾಯದಿಂದ ಅಳೆದರು. ಈ ಸಲ ತಿರುಗುಮುರುಗು ಉಪಾಯ. ಒಂದೇ ಸುತ್ತಿನಲ್ಲಿ ಕಿಡ್ನಿ ಹೆಚ್ಚುಕಡಿಮೆ ಪೂರ್ತಿ ಹೊರಹಾಕಿಬಿಡುವ ವಸ್ತುವನ್ನು ಹುಡುಕಿದರು. 1945ರ ಹೊತ್ತಿಗೆ ಪಿಎಎಚ್ ಎಂಬುದು ಅದಕ್ಕೆ ಗೊತ್ತಾಯಿತು. ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ. ಅವುಗಳಿಗೆ ಹೋಗುವ ರಕ್ತ ನಿಮಿಷಕ್ಕೆ ಸುಮಾರು 1.2 ಲೀಟರ್. ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಭಾಗಕ್ಕೂ ಜಾಸ್ತಿ. ಈ ಪಿಎಎಚ್ ಹೊರಹೋಗುವ ದಾರಿಯಲ್ಲೇ ಪೆನಿಸಿಲಿನ್ ಕೂಡ ಹೊರಹೋಗುತ್ತದೆ. ಪೆನಿಸಿಲಿನ್ ತೀರಾ ಅಪರೂಪವಾಗಿದ್ದ ಯುದ್ಧಕಾಲದಲ್ಲಿ ಕಿಡ್ನಿ ಅದನ್ನು ಬೇಗ ಬೇಗ ಹೊರಹಾಕಿಬಿಡುತ್ತಿತ್ತು. ರೋಗಿಯ ಮೂತ್ರದಿಂದ ಅದನ್ನು ಮತ್ತೆ ತೆಗೆದು ಬಳಸಿದ್ದೂ ಉಂಟು. ಪಿಎಎಚ್ ಜೊತೆಗೆ ಕೊಟ್ಟರೆ ಆ ದಾರಿಯಲ್ಲಿ ನೂಕುನುಗ್ಗಲಾಗಿ ಪೆನಿಸಿಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತಿತ್ತು. ಆ ಯೋಚನೆಯಿಂದಲೇ ಮುಂದೆ ಪ್ರೊಬೆನೆಸಿಡ್ ಮಾತ್ರೆ ಬಂತು.

ಸ್ಮಿತ್ 1951ರಲ್ಲಿ ಕಿಡ್ನಿಯ ಬಗ್ಗೆ ಸಾವಿರ ಪುಟ ದಾಟಿದ ಒಂದು ಮಹಾಗ್ರಂಥ ಬರೆದರು. ಅಲ್ಲಿಯವರೆಗೆ ಗೊತ್ತಿದ್ದದ್ದೆಲ್ಲ ಒಂದೇ ಕಡೆ ಸೇರಿತು. 1953ರಲ್ಲಿ ಸಾಮಾನ್ಯ ಓದುಗರಿಗೆ ಮೀನಿನಿಂದ ಮನುಷ್ಯನವರೆಗೆ ಕಿಡ್ನಿಯ ಕಥೆ ಹೇಳಿದರು. ನಮ್ಮ ಪೂರ್ವಜರು ಸಿಹಿನೀರಿನ ಮೀನುಗಳು, ಮೈಗೆ ನುಗ್ಗುವ ಹೆಚ್ಚುವರಿ ನೀರನ್ನು ಹೊರಹಾಕಲು ಗ್ಲೊಮೆರುಲಸ್ ಹುಟ್ಟಿತು ಎಂಬುದು ಅದರ ತಿರುಳು. ಕೇಳಲು ಬಹಳ ಚೆನ್ನಾಗಿದೆ. ಆದರೆ ಎಲ್ಲರೂ ಒಪ್ಪುವುದಿಲ್ಲ. ಹ್ಯಾಗ್‌ಫಿಶ್ ಎಂಬ ಬಹಳ ಹಳೆಯ ಜಾತಿಯ ಜೀವಿ ಪೂರ್ತಿ ಕಡಲಿನದ್ದು, ಆದರೂ ಅದಕ್ಕೆ ಗ್ಲೊಮೆರುಲಸ್ ಇದೆ.

ಇನ್ನೊಂದು ವಿಷಯದಲ್ಲೂ ಅವರು ಎಡವಿದರು. ಅದನ್ನು ಹೇಳದಿದ್ದರೆ ಅವರ ವ್ಯಕ್ತಿತ್ವ ಪೂರ್ತಿಯಾಗುವುದಿಲ್ಲ. ಕಿಡ್ನಿ ಮೂತ್ರವನ್ನು ಗಟ್ಟಿ ಮಾಡುವುದು ಹೇಗೆ ಎಂಬುದಕ್ಕೆ 1951ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವಿಜ್ಞಾನಿಗಳು ಹೊಸ ವಿವರಣೆ ಕೊಟ್ಟರು. ಕೊಳವೆಯ ಒಂದು ಭಾಗ ಹೇರ್‌ಪಿನ್ ಹಾಗೆ ಕೆಳಗಿಳಿದು ತಿರುಗಿ ಮೇಲೆ ಬರುತ್ತದೆ. ಅಕ್ಕಪಕ್ಕದಲ್ಲೇ ಎದುರುಬದುರಾಗಿ ಹರಿಯುವ ಈ ಎರಡು ಕಾಲುವೆಗಳ ನಡುವೆ ಉಪ್ಪು ಹೆಚ್ಚುತ್ತಾ ಹೋಗುತ್ತದೆ ಎಂದು ಅವರು ಹೇಳಿದರು. ಸ್ಮಿತ್ ಇದನ್ನು ಒಪ್ಪಲಿಲ್ಲ. ಅವರ ಮಾತಿಗೆ ಎಷ್ಟು ತೂಕ ಇತ್ತೆಂದರೆ, ಅವರು ಒಪ್ಪಲಿಲ್ಲ ಎಂದರೆ ಅಮೆರಿಕದಲ್ಲಿ ಬಹಳ ಜನ ಒಪ್ಪುತ್ತಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಗಾಟ್‌ಶಾಕ್ ಮತ್ತು ಮಿಲ್ ಎಂಬವರು ಮತ್ತೆ ಸೂಕ್ಷ್ಮ ಗಾಜಿನ ಕೊಳವೆ ಚುಚ್ಚಿ ಅಳೆದು ತೋರಿಸಿದರು. ಬಾಸೆಲ್‌ನವರೇ ಸರಿ. 1959ರಲ್ಲಿ ಸ್ಮಿತ್ ತಮ್ಮ ಹಳೆಯ ಅಭಿಪ್ರಾಯ ಬಿಟ್ಟು ಹೊಸದನ್ನು ಒಪ್ಪಿ ಬರೆದರು. ಆಗ ಅವರಿಗೆ 64 ವರ್ಷ. ತಾನೇ ಕಟ್ಟಿದ ಮನೆಯ ಒಂದು ಗೋಡೆಯನ್ನು ಆ ವಯಸ್ಸಿನಲ್ಲಿ ತಾನೇ ಕೆಡವುವುದು ಸಣ್ಣ ಮಾತಲ್ಲ. ನನಗೆ ಅವರ ಇನ್ಯುಲಿನ್ ಕೆಲಸದಷ್ಟೇ ಇದೂ ಇಷ್ಟ.

ಅವರ ಪ್ರಯೋಗಾಲಯದಿಂದ ಬಂದವರೂ ದೊಡ್ಡವರಾದರು. ಶಾನನ್ 1955ರಿಂದ 1968ರವರೆಗೆ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ನಿರ್ದೇಶಕರಾಗಿ ಅದನ್ನು ಬೃಹತ್ತಾಗಿ ಬೆಳೆಸಿದರು. ರಾಬರ್ಟ್ ಪಿಟ್ಸ್ ಅವರ ಪಠ್ಯಪುಸ್ತಕವನ್ನು ನಮ್ಮ ಗುರುಗಳ ತಲೆಮಾರು ಓದಿ ಕಲಿತಿತು. ಸ್ಮಿತ್ ನಿವೃತ್ತರಾದ ಮರುವರ್ಷ, 1962ರ ಮಾರ್ಚ್ 25ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಮೆರಿಕದ ನೆಫ್ರಾಲಜಿ (ಕಿಡ್ನಿ ವೈದ್ಯಶಾಸ್ತ್ರ) ಸಂಘ ಇಂದಿಗೂ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಈಗ ಆ ಇನ್ಯುಲಿನ್ ಪ್ರಯೋಗದಿಂದ ನಿಮ್ಮ ರಿಪೋರ್ಟಿನ 55ಕ್ಕೆ ಬರೋಣ. ಪ್ರತಿ ರೋಗಿಗೂ ಡ್ರಿಪ್ ಹಾಕಿ, ಕೊಳವೆ ಹಾಕಿ ಕೂರಿಸಲು ಆಗುವುದಿಲ್ಲ. ಅದಕ್ಕೆ ಕ್ರಿಯಾಟಿನಿನ್ ಬಳಸುತ್ತೇವೆ. ಅದು ಮಾಂಸಖಂಡದಿಂದ ದಿನವೂ ಒಂದೇ ಸಮ ಹುಟ್ಟುತ್ತದೆ, ಬಹುಪಾಲು ಸೋಸಿ ಹೊರಹೋಗುತ್ತದೆ. ಸೋಸುವುದು ಕಡಿಮೆಯಾದರೆ ರಕ್ತದಲ್ಲಿ ಏರುತ್ತದೆ. ಇನ್ಯುಲಿನ್‌ನಷ್ಟು ಪ್ರಾಮಾಣಿಕ ಅಲ್ಲ. ಕೊಳವೆ ಅದನ್ನು ಸ್ವಲ್ಪ ತಳ್ಳುತ್ತದೆ. ಮೈಯಲ್ಲಿ ಮಾಂಸಖಂಡ ಜಾಸ್ತಿ ಇದ್ದವರಲ್ಲಿ ಕಿಡ್ನಿ ಚೆನ್ನಾಗಿದ್ದರೂ ಜಾಸ್ತಿ ಕಾಣುತ್ತದೆ. ತೀರಾ ಬಡಕಲಾದವರಲ್ಲಿ ಕಿಡ್ನಿ ಸೊರಗಿದ್ದರೂ ಕಡಿಮೆ ಕಾಣುತ್ತದೆ. ಹಾಗಾಗಿ ಸಾವಿರಾರು ಜನರಲ್ಲಿ ಇನ್ಯುಲಿನ್ ಥರದ್ದೇ ವಸ್ತು ಕೊಟ್ಟು ನಿಜವಾದ ಸೋಸುವಿಕೆ ಅಳೆದು, ಅದನ್ನು ಅವರ ಕ್ರಿಯಾಟಿನಿನ್, ವಯಸ್ಸು, ಗಂಡು ಹೆಣ್ಣು ಎಂಬುದರ ಜೊತೆ ಹೊಂದಿಸಿ ಸೂತ್ರ ಮಾಡಿದರು. 1999ರದ್ದು, 2009ರದ್ದು, 2021ರದ್ದು ಹೀಗೆ ಸೂತ್ರಗಳು ಸುಧಾರಿಸುತ್ತಾ ಬಂದಿವೆ. ನಿಮ್ಮ 1.4 ಮತ್ತು 66ನ್ನು 2021ರ ಸೂತ್ರಕ್ಕೆ ಹಾಕಿದರೆ 55 ಬರುತ್ತದೆ. ಇಜಿಎಫ್‌ಆರ್‌ನಲ್ಲಿ ಮೊದಲ ‘ಇ’ ಇದೆಯಲ್ಲ, ಅದು ಅಂದಾಜು ಎಂದು ಹೇಳುವ ಅಕ್ಷರ.

ರಿಪೋರ್ಟಿನಲ್ಲಿ 55ರ ಪಕ್ಕ ಸಣ್ಣ ಅಕ್ಷರದಲ್ಲಿ 1.73 ಎಂದು ಇರುತ್ತದೆ, ನೋಡಿ. ಅದು ಮೈಯ ಹೊರಮೈ ವಿಸ್ತೀರ್ಣ, ಚದರ ಮೀಟರಿನಲ್ಲಿ. 1920ರ ದಶಕದಲ್ಲಿ ಅಮೆರಿಕದ 25 ವರ್ಷದ ಗಂಡು ಹೆಣ್ಣುಗಳ ಸರಾಸರಿಯಿಂದ ತೆಗೆದ ಅಂಕಿ. ಸಣ್ಣ ಮೈಕಟ್ಟಿನ ನಮ್ಮವರಿಗೆ ಔಷಧದ ಪ್ರಮಾಣ ನಿರ್ಧರಿಸುವಾಗ ಇದನ್ನು ನೆನಪಿಡಬೇಕಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಒಂದೇ ರಿಪೋರ್ಟಿನಿಂದ ಕಿಡ್ನಿ ಕಾಯಿಲೆ ಎಂದು ಯಾರೂ ಹಣೆಪಟ್ಟಿ ಹಚ್ಚುವ ಹಾಗಿಲ್ಲ. 60ಕ್ಕಿಂತ ಕಡಿಮೆ ಮೂರು ತಿಂಗಳಾದರೂ ಹಾಗೇ ಉಳಿದರೆ ಮಾತ್ರ ಆ ಮಾತು. ಆದ್ದರಿಂದ ಮತ್ತೆ ಪರೀಕ್ಷೆ ಮಾಡಿಸಿ. ಹಿಂದಿನ ದಿನ ಮಾಂಸದೂಟ ಬೇಡ, ನೀರು ಎಂದಿನಂತೆ ಕುಡಿಯಿರಿ. ಜೊತೆಗೆ ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡಿಸಿ. ಗ್ಲೊಮೆರುಲಸ್‌ನ ಜರಡಿ ಹರಿದಿದೆಯೇ ಎಂದು ಅದು ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ನಿಮ್ಮ 55ಕ್ಕಿಂತ ಆ ಅಂಕಿ ಮುಖ್ಯ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ವೈದ್ಯರ ಹತ್ತಿರ ಹೋಗುವಾಗ ಹಳೆಯ ರಿಪೋರ್ಟುಗಳನ್ನು ಹುಡುಕಿ, ತಾರೀಖಿನ ಪ್ರಕಾರ ಜೋಡಿಸಿ ತೆಗೆದುಕೊಂಡು ಹೋಗಿ. ಐದು ವರ್ಷದ ಹಿಂದೆಯೂ ಕ್ರಿಯಾಟಿನಿನ್ 1.3, 1.4 ಇದ್ದದ್ದು ಸಿಕ್ಕಿದರೆ ಅದು ಒಂದು ಥರ. ಹೋದ ವರ್ಷ 0.9 ಇದ್ದರೆ ಬೇರೆಯೇ ಥರ, ಆಗ ತಡಮಾಡದೆ ಈ ವಾರವೇ ಹೋಗಿ ತೋರಿಸಿ.